ಪೇಪರ್ ಓದುವ ಕುರುಡಿ

ಬಸವಕಲ್ಯಾಣದಿಂದ ಹುಮನಾಬಾದಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಮಂದಿ ನನ್ನ ಅಕ್ಕ ರತ್ನಮಾಲಾಗೆ ಮೊದಲು ಇಟ್ಟ ಹೆಸರು ‘ಸೊಕ್ಕಿನಾಕಿ’. ಬಸ್ ಸ್ಟ್ಯಾಂಡಿನಲ್ಲಿ ಬಾಜೂಕ ನಿಂತು ನಕ್ಕರೂ ನಗುವುದಿಲ್ಲ, ಮಾತಾಡಿಸಬೇಕೆಂದು ಕಾದು ನಿಂತವರ ಕಡೆ ತಿರುಗುವುದಿಲ್ಲ, ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ಕತ್ತು ನೆಟ್ಟಗೆ ಮಾಡಿಕೊಂಡು ಮುಂದೆ ನೋಡುತ್ತ ನಿಂತಿರುತ್ತಾಳೆ. ಇದು ಅವಳ ಮೇಲಿದ್ದ ದೂರು. ಕೆಲವು ವರ್ಷ ಕಳೆದ ಮೇಲೆ ಅದೇ ಮಂದಿ ಇನ್ನೊಂದು ಹೆಸರಿಟ್ಟರು. ಅದು ಇನ್ನೂ ಚುಚ್ಚುವಂಥದ್ದು. ಆ ಹೆಸರು ಹುಟ್ಟಿದ ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಅದಕ್ಕೆ ಅಕ್ಕ ಏನು ಮಾಡಿದಳು ಎಂದು ಹೇಳಬೇಕಾದರೆ ಅವಳ ಕಣ್ಣಿನಿಂದಲೇ ಶುರು ಮಾಡಬೇಕು.

ನಮ್ಮದು ಮೂಲ ಹುಲಸೂರ. ಅಪ್ಪ ಅಂಬಾದಾಸ ಗೌಂಡಿ ಕೆಲಸ ಕಲಿತು, ಕೆಲಸ ಇದ್ದಲ್ಲಿ ಮನೆ ಎಂದು ಬಸವಕಲ್ಯಾಣಕ್ಕೆ ಬಂದು ನಿಂತವನು. ಊರಿನಲ್ಲಿ ಅವನು ಕಟ್ಟಿದ ಗೋಡೆಗಳು ಎಷ್ಟೋ ಇವೆ. ಅಕ್ಕ ದೊಡ್ಡವಳು, ನಾನು ಸುಗಂಧಾ, ಅವಳಿಗಿಂತ ಬಹಳ ಸಣ್ಣವಳು. ಹಾಗಾಗಿ ಅವಳ ಬಾಲ್ಯದ ಕಥೆ ನನಗೆ ಅವ್ವ ಭೀಮಬಾಯಿ ಹೇಳಿ ಗೊತ್ತು. ನೆಲದ ಮೇಲೆ ಬಿದ್ದ ಸೂಜಿಯನ್ನು ಅಕ್ಕ ಥಟ್ಟನೆ ಎತ್ತಿಕೊಡುತ್ತಿದ್ದಳಂತೆ. ಎತ್ತಿಕೊಟ್ಟು ತಿರುಗಿದರೆ ಪಕ್ಕದಲ್ಲಿದ್ದ ತುಂಬಿದ ಕೊಡಕ್ಕೆ ಕಾಲು ತಾಗಿಸಿ ಉರುಳಿಸುತ್ತಿದ್ದಳಂತೆ. “ಕಣ್ಣ ಎಲ್ಲಿಟ್ಟೀದಿ? ಸೂಜಿ ಕಾಣಸ್ತದ, ಕೊಡ ಕಾಣಸಂಗಿಲ್ಲೇನು?” ಎಂದು ಅವ್ವ ಬೈಯುತ್ತಿದ್ದಳು. ದೀಪ ಹಚ್ಚುವ ಹೊತ್ತಾದರೆ ಅಕ್ಕ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲಿನದು ತಪ್ಪಿಲ್ಲದೆ ಓದುವಳು, ಖೋಖೋ ಆಡಲು ಕರೆದರೆ ಅಳುವಳು. ಆಟಕ್ಕೆ ಮೈಗಳ್ಳಿ ಎಂದು ಮಾಸ್ತರರು ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೂ ಉಂಟು.

ಅಪ್ಪ ಅವಳನ್ನು ಸೋಲಾಪುರದ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದಾಗ ಅವಳಿಗೆ ಹನ್ನೆರಡೋ ಹದಿಮೂರೋ. ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ನಡುವೆ ಮಾತ್ರ ಚೆನ್ನಾಗಿದೆ, ಇದಕ್ಕೆ ಔಷಧವಿಲ್ಲ ಎಂದರು. ಅಪ್ಪನಿಗೆ ಅರ್ಥವಾಗಲಿಲ್ಲ. ಆಗ ಅವರು ಮೇಜಿನ ಮೇಲಿನ ಕಾಗದವನ್ನು ಕೊಳವೆಯಂತೆ ಸುತ್ತಿ ಅಪ್ಪನ ಕಣ್ಣಿಗೆ ಹಿಡಿದರು. ಇನ್ನೊಂದು ಕಣ್ಣು ಮುಚ್ಚಿಕೊಂಡು ನೋಡು, ನಿನ್ನ ಮಗಳು ಇಷ್ಟು ನೋಡುತ್ತಾಳೆ ಎಂದರು. ಅಪ್ಪ ಆ ಕಾಗದವನ್ನು ಕೇಳಿ ತೆಗೆದುಕೊಂಡ. ಬಸವಕಲ್ಯಾಣದಲ್ಲಿ ಬಸ್ಸಿಳಿದು ಮನೆಯ ತನಕ ಅದನ್ನು ಕಣ್ಣಿಗೆ ಹಿಡಿದುಕೊಂಡೇ ನಡೆದ. ಬಂಡಿಗೆ ಹಾಯ್ದ, ಎಮ್ಮೆಗೆ ಹಾಯ್ದ, ಗಟಾರದಲ್ಲಿ ಕಾಲಿಟ್ಟ. ಬಜಾರದ ಮಂದಿ ನಕ್ಕರು. ಮಂಡಿ ತರಚಿಕೊಂಡು ಮನೆಗೆ ಬಂದವನೇ ಅವ್ವನಿಗೆ, “ಇನ್ನ ಮ್ಯಾಲ ಆಕಿಗೆ ಬೈಬ್ಯಾಡ. ಆಕಿ ಬೀಳದ ನಡದಾಡಾಕತ್ತಾಳಲ್ಲ, ಅದೇ ದೊಡ್ಡದು,” ಅಂದನಂತೆ.

ಕಾಣುವ ಆ ವರ್ತುಲ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ, ಅಷ್ಟರೊಳಗೆ ಕೈಯಿಂದ ಮಾಡುವ ಯಾವುದಾದರೂ ಕೆಲಸ ಕಲಿಸಿ ಎಂದು ಡಾಕ್ಟರು ಹೇಳಿದ್ದರು. ಮೆಟ್ರಿಕ್ ಆದ ಮೇಲೆ ಅಕ್ಕ ತಾನೇ ಹುಡುಕಿಕೊಂಡದ್ದು ಹುಮನಾಬಾದಿನ ಶಂಕರಲಿಂಗ ಮಾಸ್ತರರ ಟೈಪಿಂಗ್ ಕ್ಲಾಸು. ಕೆಳಗೆ ಕಿರಾಣಿ ಅಂಗಡಿ, ಮೇಲೆ ಒಂದು ಉದ್ದನೆಯ ಖೋಲಿ, ಅದರ ತುಂಬ ಮಷೀನುಗಳ ಸದ್ದು. ಮಾಸ್ತರರ ಒಂದೇ ನಿಯಮ, ಕೀಗಳ ಕಡೆ ನೋಡಬಾರದು. ನೋಡುವವರ ಕೈಗಳ ಮೇಲೆ ಅವರು ಒಂದು ರಟ್ಟು ಮುಚ್ಚಿಬಿಡುತ್ತಿದ್ದರು. ಅಕ್ಕ ಮೊದಲ ವಾರ ಮುಗಿಸಿ ಬಂದು ಅವ್ವನಿಗೆ, “ಆ ಖೋಲ್ಯಾಗ ಎಲ್ಲಾರೂ ನನ್ನಂಗೇ ಅದಾರ ನೋಡವ್ವ. ಕೈ ಕಾಣದೇ ಕೆಲಸ ಮಾಡಬೇಕು,” ಎಂದು ನಕ್ಕಳಂತೆ. ಕನ್ನಡ ಮುಗಿಸಿದಳು, ಇಂಗ್ಲಿಷ್ ಮುಗಿಸಿದಳು, ಸೀನಿಯರ್ ಪರೀಕ್ಷೆಯಲ್ಲಿ ಪಾಸಾದಳು. ಮಾಸ್ತರರು ಅವಳನ್ನು ಅಲ್ಲಿಯೇ ಕಲಿಸಲು ಇಟ್ಟುಕೊಂಡರು. ತೊಂಬತ್ತರ ದಶಕದ ಹುಮನಾಬಾದಿನಲ್ಲಿ ಸರ್ಕಾರಿ ನೌಕರಿಯ ಆಸೆ ಇದ್ದ ಹುಡುಗ ಹುಡುಗಿಯರೆಲ್ಲ ಆ ಮೆಟ್ಟಿಲು ಹತ್ತಿದವರೇ, ನಮ್ಮ ಅಕ್ಕನಿಂದ ‘ಸೊಂಟ ನೆಟ್ಟಗ ಮಾಡ್ರಿ’ ಅನ್ನಿಸಿಕೊಂಡವರೇ.

ಅಂಗವಿಕಲರ ಪಾಸು ತೆಗೆದುಕೊಳ್ಳಲು ಅವಳು ಬಹಳ ದಿನ ಒಪ್ಪಲಿಲ್ಲ. ತುಂಬಿದ ಬಸ್ಸಿನಲ್ಲಿ ನಿಂತರೆ ಪಕ್ಕದಿಂದ ಬರುವ ಗಂಟುಮೂಟೆ, ಮೊಣಕೈ, ಕಂಬ ಯಾವುದೂ ಕಾಣುತ್ತಿರಲಿಲ್ಲ. ಹಣೆ ಒಡೆದುಕೊಂಡು ಬಂದ ಒಂದು ಸಂಜೆ ಅಪ್ಪ ಹಟ ಹಿಡಿದ. ಬೀದರದಲ್ಲಿ ಡಾಕ್ಟರುಗಳ ಮುಂದೆ ಹೋಗಿ ಸರ್ಟಿಫಿಕೇಟ್ ಮಾಡಿಸಿಕೊಂಡು ಬಂದಳು. ಅಲ್ಲಿ ಸಾಲಿನಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕ ಅವಳನ್ನು, “ನೀವು ಯಾರನ್ನ ಕರಕೊಂಡು ಬಂದೀರವ್ವ?” ಎಂದು ಕೇಳಿದನಂತೆ. “ನನ್ನನ್ನೇ ಕರಕೊಂಡು ಬಂದೀನ್ರಿ,” ಅಂದಳಂತೆ ಅಕ್ಕ. ಆಮೇಲೆ ಪಾಸು ಬಂತು. ಬಾಗಿಲ ಹಿಂದಿನ ಕಾದಿಟ್ಟ ಸೀಟು ಬಂತು. ಅಕ್ಕನಿಗೆ ಜೊತೆಯಾಗಲೆಂದು ಮೆಟ್ರಿಕ್ ಮುಗಿಸಿದ ನನ್ನನ್ನೂ ಹುಮನಾಬಾದಿನ ಕಾಲೇಜಿಗೆ ಹಾಕಿದರು. ಹೀಗೆ ನಾವಿಬ್ಬರೂ ಒಂದೇ ಬಸ್ಸಿನವರಾದೆವು.

ಆ ಬಸ್ಸಿನಲ್ಲಿ ಅಂಗವಿಕಲರ ಪಾಸು ಇದ್ದ ಇನ್ನೊಬ್ಬರು ಓಂಪ್ರಕಾಶ ಸಾವ್ಕಾರರು. ಮನೆ ಬಸವಕಲ್ಯಾಣದಲ್ಲಿ, ಬಟ್ಟೆ ಅಂಗಡಿ ಹುಮನಾಬಾದಿನಲ್ಲಿ. ಮೈಕೈ ತುಂಬಿದ ನಗುಮುಖದ ಮನುಷ್ಯ, ಎಲ್ಲರಿಗೂ ಅಡಿಕೆ ಹಂಚುತ್ತ ಬರುವವರು. ಬಸ್ಸಿನ ಮೆಟ್ಟಿಲು ಹತ್ತುವಾಗ ಎಡಗಾಲು ಎಳೆಯುತ್ತಿದ್ದರು. ಇಳಿದು ಬಜಾರದ ಕಡೆ ತಿರುಗಿದ ಮೇಲೆ ಕಾಲು ತಾನಾಗಿ ಸರಿಯಾಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಸಾವ್ಕಾರರ ಕುಂಟು ಕಣ್ಣಿಗೆ ಕಾಣುವಂಥದ್ದು, ಹಾಗಾಗಿ ನಂಬಲು ಸುಲಭ. ಅಕ್ಕನದು ಹಾಗಲ್ಲ. ಅವಳು ಕಿಟಕಿಯ ಪಕ್ಕ ಕೂತು ದಿನಾ ಪೇಪರ್ ಓದುತ್ತಿದ್ದಳು. ದಪ್ಪಕ್ಷರದ ತಲೆಬರಹ ಅವಳಿಗೆ ಕಷ್ಟ, ಒಂದೊಂದೇ ಅಕ್ಷರ ಕಾಣುತ್ತಿತ್ತು. ಸಣ್ಣಕ್ಷರದ ಸುದ್ದಿ ಸಲೀಸು. ಇದನ್ನು ಯಾರಿಗೆ ಹೇಳಿ ನಂಬಿಸುವುದು?

ತೊಂಬತ್ತೆಂಟರ ಶ್ರಾವಣದ ಒಂದು ಸೋಮವಾರ. ಬಸ್ಸು ಕಿಕ್ಕಿರಿದಿತ್ತು, ನಾನು ಅಕ್ಕನ ಸೀಟಿನ ಪಕ್ಕ ನಿಂತಿದ್ದೆ. ಬಂಗ್ಲಾ ಕ್ರಾಸಿನಲ್ಲಿ ಗೋರ್ಟಾದ ಕಡೆಯ ಅಂಬುಬಾಯಿ ಎಂಬ ಮುದುಕಿ ತಲೆಯ ಮೇಲೆ ಗಂಟು ಹೊತ್ತು ಹತ್ತಿದಳು. ಕೂರಲು ಜಾಗವಿರಲಿಲ್ಲ. ಅಕ್ಕನ ಸಾಲಿನ ಆಚೆ ಬದಿಯ ಸೀಟಿನಲ್ಲಿ ಕೂತಿದ್ದ ಓಂಪ್ರಕಾಶ ಸಾವ್ಕಾರರು ಜೋರಾಗಿ ಅಂದರು:

“ಅಕ್ಕೋರ, ಆ ಮುದುಕಿಗೆ ಜಗಾ ಕೊಡ್ರಿ ಜರಾ. ಕಣ್ಣಿಲ್ದವರ ಸೀಟಿನ್ಯಾಗ ಕುಂತು ಪೇಪರ ಓದಾಕತ್ತೀರಿ, ಶೋಭಸ್ತದೇನು?”

ಅಕ್ಕ ಪೇಪರ್ ಮಡಿಸಿದಳು. ಅಷ್ಟರಲ್ಲಿ ಕಂಡಕ್ಟರ್ ಅಜೀಮುದ್ದೀನ್ ಬಂದ. ಈ ದಾರಿಗೆ ಹೊಸಬ, ಕಡಕ್ ಮನುಷ್ಯ. ಒಂದು ಟಿಕೆಟ್ ಬಿಟ್ಟವನಲ್ಲ, ಒಬ್ಬರ ಚಿಲ್ಲರೆ ಉಳಿಸಿಕೊಂಡವನಲ್ಲ. ಅಕ್ಕನ ಪಾಸು ಕೇಳಿ ತೆಗೆದುಕೊಂಡು ಓದಿದ. ಪಾಸಿನಲ್ಲಿ ದೃಷ್ಟಿ ಇಲ್ಲದವರು ಎಂದಿತ್ತು. ಅಕ್ಕನ ತೊಡೆಯ ಮೇಲೆ ಪೇಪರ್ ಇತ್ತು.

“ಅಕ್ಕೋರ, ಇದು ಹ್ಯಾಂಗ್ರಿ?”

“ನನಗ ನಡೂಕಿಂದು ಕಾಣಸ್ತದ್ರಿ. ಬಾಜೂಕಿಂದು ಕಾಣಸಂಗಿಲ್ಲ. ಕತ್ತಲಾದ್ರ ಏನೂ ಕಾಣಸಂಗಿಲ್ಲ.”

ಹಿಂದಿನಿಂದ ಯಾರೋ ನಕ್ಕರು. ಒಬ್ಬ ಮುಂದೆ ನುಗ್ಗಿ ಬಂದು ಅಕ್ಕನ ಮುಖದ ಮುಂದೆ ಕೈ ಹಿಡಿದು, “ಎಷ್ಟು ಬೆರಳ ಅದಾವ ಹೇಳ್ರಿ,” ಅಂದ.

“ಮೂರು,” ಅಂದಳು ಅಕ್ಕ. “ನೀವು ನಡೂಕ ಹಿಡದೀರಿ.”

ಇಡೀ ಬಸ್ಸು ಗೊಳ್ಳೆಂದಿತು. “ಪೇಪರ ಓದೋ ಕುರುಡಿ!” ಎಂದು ಒಂದು ದನಿ ಕೂಗಿತು. ಮತ್ತೆ ನಗು. ಹೆಸರು ಹುಟ್ಟಿದ್ದು ಹೀಗೆ.

ಅಜೀಮುದ್ದೀನ್ ನಗಲಿಲ್ಲ. “ನನಗ ಮ್ಯಾಲಿಂದ ಹುಕುಂ ಅದ ಅಕ್ಕೋರ. ಬೋಗಸ್ ಪಾಸ್ ಬಹಳ ಆಗ್ಯಾವ. ಇದು ನನ್ನ ಹಂತ್ಯಾಕ ಇರಲಿ. ನಿಮಗ ಹೇಳೋದಿದ್ರ ಆಫೀಸಿಗೆ ಬಂದು ಹೇಳ್ರಿ,” ಎಂದು ಪಾಸನ್ನು ಜೇಬಿಗೆ ಹಾಕಿಕೊಂಡು ಟಿಕೆಟ್ ಹರಿದುಕೊಟ್ಟ. ಅಕ್ಕ ಟಿಕೆಟ್ ತೆಗೆದುಕೊಂಡಳು. ಎದ್ದು ನಿಂತು, “ಕುಂದರವ್ವ,” ಎಂದು ಅಂಬುಬಾಯಿಗೆ ಸೀಟು ಬಿಟ್ಟುಕೊಟ್ಟಳು. ನಾನು ಅವಳ ತೋಳು ಹಿಡಿಯಲು ಹೋದೆ. “ಬಿಡು. ನಾಟಕ ಅಂತಾರ,” ಎಂದು ಮೆಲ್ಲಗೆ ಹೇಳಿ ಸರಳು ಹಿಡಿದು ನಿಂತಳು. ರಾಜೇಶ್ವರ ದಾಟಿತು. ಹುಮನಾಬಾದ ಬಂತು. ಇಳಿಯುವಾಗ ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡಕಿ ತಡಕಿ ಇಳಿದಳು. “ನೋಡ್ರಿ, ಈಗ ಶುರು ಆತು,” ಎಂದು ಹಿಂದಿನಿಂದ ಯಾರೋ ಅಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

ನನಗೆ ಅಳು ಬಂದಿತ್ತು. ಅಕ್ಕ ಅಳಲಿಲ್ಲ. ಆ ದಿನವೂ ಕ್ಲಾಸು ಬಿಡಲಿಲ್ಲ. ನಾನು ಕಾಲೇಜಿಗೆ ಹೋಗದೆ ಅವಳ ಹಿಂದೆಯೇ ಮೆಟ್ಟಿಲು ಹತ್ತಿ ಮೂಲೆಯಲ್ಲಿ ಕೂತಿದ್ದೆ. ಯಾರೋ ತಪ್ಪು ಹೊಡೆದರೆ ಎಂದಿನ ಹಾಗೆ, “ಮತ್ತ ಹೊಡೀರಿ,” ಅನ್ನುತ್ತಿದ್ದಳು. ವಿಷಯ ತಿಳಿದ ಶಂಕರಲಿಂಗ ಮಾಸ್ತರರು ಕೋಟು ಹಾಕಿಕೊಂಡು ಹೊರಟೇಬಿಟ್ಟರು.

“ನಾ ಹೋಗಿ ಬಸ್ ಆಫೀಸಿನ ಸಾಹೇಬ್ರಿಗೆ ಹೇಳ್ತೀನಿ. ಅವರು ನನಗ ಪರಿಚಯದವರು.”

“ಬ್ಯಾಡ್ರಿ ಮಾಸ್ತರ್,” ಅಂದಳು ಅಕ್ಕ. “ನೀವು ಹೇಳಿದ್ರ ನಿಮ್ಮ ಮಾತಿಗೆ ಪಾಸ ಕೊಡ್ತಾರ. ನನ್ನ ಕಣ್ಣಿಗೆ ಕೊಡಬೇಕು.”

ಮನೆಯಲ್ಲಿ ಅಪ್ಪನದೂ ಅದೇ. ಮರುದಿನ ಬಸ್ ಸ್ಟ್ಯಾಂಡಿಗೆ ತಾನೇ ಬರುತ್ತೇನೆ, ಆ ಕಂಡಕ್ಟರ್‌ನ ಕಾಲರ್ ಹಿಡಿದು ಕೇಳುತ್ತೇನೆ ಎಂದು ಕೂಗಾಡಿದ. ಅಕ್ಕ ಅವನಿಗೂ ಒಂದೇ ಮಾತು ಹೇಳಿದಳು: “ಅಪ್ಪಾ, ಪಾಸ ನಂದು. ನಾನೇ ತರ್ತೀನಿ.”

ಮರುದಿನ ಮಧ್ಯಾಹ್ನ ನಾವಿಬ್ಬರೂ ಬಸ್ಸಿನವರ ಆಫೀಸಿಗೆ ಹೋದೆವು. ಅಲ್ಲಿನ ಸಾಹೇಬರು ಸರ್ಟಿಫಿಕೇಟ್ ನೋಡಿದರು, ಡಾಕ್ಟರುಗಳ ಸಹಿ ನೋಡಿದರು. ಒಳ್ಳೆಯ ಮನುಷ್ಯರೇ. ಖಾನೆಯಿಂದ ಪಾಸು ತೆಗೆದು, “ಬರಾಬರ್ ಅದ. ಹಿಡ್ರಿ, ತೊಗೊಂಡು ಹೋಗ್ರಿ,” ಎಂದು ಚಾಚಿದರು. ನಾನು ಕೈ ಮುಂದೆ ಮಾಡಿದೆ. ಅಕ್ಕ ನನ್ನ ಕೈ ಹಿಂದಕ್ಕೆ ಎಳೆದಳು.

“ಇಲ್ಲಿ ಬ್ಯಾಡ್ರಿ ಸಾಹೇಬ್ರ. ಬಸ್ಸಿನ್ಯಾಗ ಎಲ್ಲಾರ ಮುಂದ ಕಸಗೊಂಡಾರ. ಬಸ್ಸಿನ್ಯಾಗೇ ಎಲ್ಲಾರ ಮುಂದ ಕೊಡಬೇಕು.”

ಸಾಹೇಬರ ಹುಬ್ಬು ಗಂಟಾಯಿತು. “ನಿಮಗ ಪಾಸ ಬೇಕೋ, ತಮಾಷಾ ಬೇಕೋ?”

“ತಮಾಷಾ ಆಗಿಹೋಗ್ಯದ್ರಿ. ಈಗ ನನಗ ನನ್ನ ಇಜ್ಜತ್ ಬೇಕು.”

ಸಾಹೇಬರು ಹೊರಗೆ ಕೂಗಿ ಅಜೀಮುದ್ದೀನನನ್ನು ಕರೆಸಿದರು. ಅವನು ಬಂದು ಅಕ್ಕನ ಎಡಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತ. ಸರ್ಟಿಫಿಕೇಟನ್ನು ನಿಧಾನವಾಗಿ ಓದಿದ. ಅಕ್ಕ ಸಾಹೇಬರ ಕಡೆಯೇ ನೋಡುತ್ತಿದ್ದಳು.

“ಅಕ್ಕೋರ, ನಾ ಎಲ್ಲಿ ನಿಂತೀನಿ?” ಎಂದ. ಅವನ ದನಿಯಲ್ಲಿ ಪರೀಕ್ಷೆ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು.

“ದನಿ ಎಡಕ್ಕಿಂದ ಬರಾಕತ್ತದ. ನೀವು ಕಾಣಸಾಕತ್ತಿಲ್ಲ.”

ಅವನು ಸಾಹೇಬರ ಕೈಯಿಂದ ಪಾಸು ತೆಗೆದುಕೊಂಡು, “ನಾಳೆ ಮುಂಜಾನೆ ಅದೇ ಗಾಡಿಗೆ ನಂದೇ ಡ್ಯೂಟಿ ಅದ. ನಾನೇ ತೊಗೊಂಡೀನಿ, ನಾನೇ ಕೊಡ್ತೀನಿ,” ಅಂದ.

ಮರುದಿನ ಬಸವಕಲ್ಯಾಣದ ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿ ಹೊರಡುವುದರಲ್ಲಿತ್ತು. ಡ್ರೈವರ್ ಎಂಜಿನ್ ಶುರು ಮಾಡಿದ್ದ. ಅಜೀಮುದ್ದೀನ್ ಅದನ್ನು ಬಂದ್ ಮಾಡಿಸಿದ. ನಡುವೆ ನಿಂತು ಟೋಪಿ ಸರಿಮಾಡಿಕೊಂಡು ಹೇಳಿದ:

“ಎಲ್ಲಾರೂ ಕೇಳ್ರಿ. ಮೊನ್ನಿ ನಾ ಈ ಅಕ್ಕೋರ ಪಾಸ್ ಕಸಗೊಂಡೆ. ಅವರ ಪಾಸ್ ಖರೇ ಅದ, ಅವರ ತಕ್ಲೀಫ್‌ಭೀ ಖರೇ ಅದ. ಅವರು ಪೇಪರ ಓದ್ತಾರ, ಆದ್ರ ಬಾಜೂಕ ನಿಂತ ಮನುಷ್ಯಾ ಅವರಿಗೆ ಕಾಣಸಂಗಿಲ್ಲ. ಅಂಥ ಬ್ಯಾನಿ ಇರ್ತದ ಅಂತ ನನಗ ಮಾಲೂಮ್ ಇರಲಿಲ್ಲ. ತಪ್ಪು ನಂದು. ಮಾಫ್ ಮಾಡ್ರಿ ಅಕ್ಕೋರ.”

ಪಾಸನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಖದ ನೇರಕ್ಕೆ ತಂದ. ಅಕ್ಕ ಎದ್ದು ನಿಂತು ತೆಗೆದುಕೊಂಡಳು. ನನ್ನ ಎದೆ ಎಷ್ಟು ಉಬ್ಬಿತ್ತು ಎಂದರೆ, ಆ ಕ್ಷಣ ಇಡೀ ಕಲ್ಯಾಣ ನಮ್ಮದೇ ಅನ್ನಿಸಿತ್ತು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಬರೀ ನಮ್ಮ ಮನೆಯ ಹೆಮ್ಮೆಯಾಗಿ ಉಳಿಯುತ್ತಿತ್ತೇನೋ. ಆದರೆ ಮಂದಿಗೆ ಒಂದು ಸಲ ನಾಚಿಕೆಯಾದರೆ ಅದನ್ನು ಇಳಿಸಲು ಇನ್ನೊಬ್ಬರ ಬೆನ್ನು ಬೇಕಾಗುತ್ತದೆ. ಮೊನ್ನೆ ಬೆರಳು ತೋರಿಸಿದವನೇ ಎದ್ದು, “ಹಂಗಾದ್ರ ಬೋಗಸ್ ಯಾರು ಅನ್ನೋದು ಇವತ್ತ ಆಗಿಹೋಗಲಿ. ಸಾವ್ಕಾರ್, ಏಳ್ರಿ, ಇಳದು ನಡದು ತೋರಸ್ರಿ!” ಎಂದು ಕೂಗಿದ. ಹಿಂದಿನವರು ಚಪ್ಪಾಳೆ ಹೊಡೆಯತೊಡಗಿದರು. “ನಡಸ್ರಿ, ನಡಸ್ರಿ!” ದಿನಾ ಅವರ ಅಡಿಕೆ ತಿಂದವರೇ. ಓಂಪ್ರಕಾಶ ಸಾವ್ಕಾರರ ಮುಖ ಸುಣ್ಣದಂತೆ ಬಿಳುಪೇರಿತು. ಅಜೀಮುದ್ದೀನ್ ಅವರ ಕಡೆ ಹೆಜ್ಜೆ ಇಟ್ಟ.

“ನಿಂದರ್ರಿ,” ಅಂದಳು ಅಕ್ಕ. ಕ್ಲಾಸಿನಲ್ಲಿ ಅಷ್ಟೂ ಮಷೀನುಗಳ ಸದ್ದನ್ನು ನಿಲ್ಲಿಸುವ ದನಿ ಅದು. “ಬಸ್ಸಿನ್ಯಾಗ ಯಾರನ್ನೂ ನಡಸಿ ನೋಡಬ್ಯಾಡ್ರಿ. ಮೊನ್ನಿ ನನ್ನ ಕಣ್ಣ ನೋಡಿದ್ರಿ, ಇವತ್ತ ಅವರ ಕಾಲ ನೋಡ್ತೀರಿ, ನಾಳಿಗೆ ಮತ್ಯಾರದೋ ಏನೋ ನೋಡ್ತೀರಿ. ಅನುಮಾನ ಇದ್ರ ಡಾಕ್ಟರ್ ಹಂತ್ಯಾಕ ಕಳಸ್ರಿ. ಅದು ಅವರ ಕೆಲಸ, ನಿಮ್ಮದಲ್ಲ.”

ಚಪ್ಪಾಳೆ ನಿಂತಿತು. ಅಜೀಮುದ್ದೀನ್ ಸೀಟಿ ಊದಿದ. ಬಸ್ಸು ಹೊರಟಿತು.

ಹುಮನಾಬಾದಿನಲ್ಲಿ ಇಳಿದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ: “ಯಾಕ ಬಿಡಿಸಿದಿ ಅವರನ್ನ? ಮಂದೀನ ನಿನ್ನ ಮ್ಯಾಲ ಎತ್ತಿಕಟ್ಟಿದವರೇ ಅವರು. ಅವರು ಖರೇನೇ ಬೋಗಸ್ ಅದಾರ.”

“ಇರಬಹುದು,” ಅಂದಳು ಅಕ್ಕ. “ಮೊನ್ನಿ ಅವರ ಲೆಕ್ಕದಾಗ ನಾನೂ ಖರೇನೇ ಬೋಗಸ್ ಇದ್ದೆ.”

ಮುಂದೆ ಕೆಲವು ದಿನ ಸಾವ್ಕಾರರು ಆ ಬಸ್ಸಿಗೆ ಬರಲಿಲ್ಲ. ಬಂದಾಗ ಕಾಲೆಳೆಯದೆ ಹತ್ತಿ, ಟಿಕೆಟ್ ತೆಗೆಸಿ, ಹಿಂದಿನ ಸೀಟಿನಲ್ಲಿ ಕೂತರು. ದಸರೆಯ ಸುಮಾರಿಗೆ ಒಂದು ಮಧ್ಯಾಹ್ನ ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತಿ ಬಂದು ಅಕ್ಕನ ಮೇಜಿನ ಮುಂದೆ ನಿಂತರಂತೆ. ಹಿಂದೊಮ್ಮೆ ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದಿತ್ತು, ಆಗ ಒಬ್ಬ ಏಜೆಂಟ್ ಪಾಸು ಮಾಡಿಸಿಕೊಟ್ಟಿದ್ದ. “ಮುರದದ್ದೂ ಖರೇ, ಕೂಡಿದ್ದೂ ಖರೇ ಅಕ್ಕೋರ. ಕೂಡಿದ ಮ್ಯಾಲ ವಾಪಸ್ ಕೊಡಬೇಕಾಗಿತ್ತು. ಎಲ್ಲಾರೂ ಇಟ್ಟುಕೊಂಡಾರ, ನಾನೂ ಇಟ್ಟುಕೊಂಡೆ. ಈಗ ಕೊಟ್ಟು ಬಂದೀನಿ,” ಅಂದರಂತೆ. ಕೈ ಮುಗಿದರಂತೆ. ಅಕ್ಕ, “ಕುಂದರ್ರಿ, ಚಹಾ ಕುಡೀರಿ,” ಅಂದಳಂತೆ. ಮುಂದಿನ ತಿಂಗಳು ಅವರ ಮಗಳು ಮನೀಷಾ ಟೈಪಿಂಗ್ ಕಲಿಯಲು ಬಂದಳು. ಅಕ್ಕ ಅವಳ ಕೈ ಮೇಲೂ ರಟ್ಟು ಮುಚ್ಚಿದಳು.

ಬಸ್ಸಿನಲ್ಲಿ ಒಂದು ಹೊಸ ಪದ್ಧತಿ ಬೆಳೆಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ. ಅಜೀಮುದ್ದೀನ್ ಅಕ್ಕನ ಹತ್ತಿರ ಬಂದಾಗೆಲ್ಲ, “ಅಕ್ಕೋರ, ನಾ ಅಜೀಮುದ್ದೀನ್, ಬಲಕ್ಕ ಅದೀನಿ,” ಅನ್ನುತ್ತಿದ್ದ. ಅದನ್ನು ಕೇಳಿ ದವಾಖಾನೆಯ ನರ್ಸ್ ಸುಗ್ರಾ, “ನಾ ಸುಗ್ರಾ ರೀ,” ಅನ್ನಲು ಶುರು ಮಾಡಿದಳು. ನೋಡನೋಡುತ್ತ ಬಸ್ಸಿನ ಮಂದಿಯೆಲ್ಲ ಹೆಸರು ಹೇಳಿ ಮಾತಾಡಿಸತೊಡಗಿದರು. ಅಕ್ಕ ಪ್ರತಿಯೊಬ್ಬರ ಕಡೆಗೂ ಇಡೀ ಮುಖ ತಿರುಗಿಸಿ ನಗುತ್ತಿದ್ದಳು. ‘ಸೊಕ್ಕಿನಾಕಿ’ ಎಂಬ ಹೆಸರು ಯಾವಾಗ ಬಿದ್ದುಹೋಯಿತೋ ನಮಗೆ ತಿಳಿಯಲೇ ಇಲ್ಲ.

ಡಾಕ್ಟರು ಹೇಳಿದಂತೆಯೇ ವರ್ತುಲ ಸಣ್ಣದಾಗುತ್ತ ಬಂತು. ಎರಡು ಸಾವಿರದ ಮೂರರ ಹೊತ್ತಿಗೆ ಪೇಪರ್ ಓದುವುದು ನಿಂತಿತು. ಅಕ್ಕ ಬಿಳಿ ಕೋಲು ತರಿಸಿಕೊಂಡಳು. ಅದನ್ನು ಹಿಡಿದು ಹುಮನಾಬಾದಿನ ಬಜಾರದಲ್ಲಿ ಮೊದಲ ಸಲ ನಡೆದ ದಿನ ತನ್ನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸೀರೆ, ದೊಡ್ಡಂಚಿನ ನೀಲಿ ಇಳಕಲ್ ಸೀರೆ, ಉಟ್ಟಿದ್ದಳು. “ನೋಡೋರು ನೋಡಲಿ. ನೋಡಾಕ ಚಂದ ಇರಬೇಕಲ್ಲ,” ಅಂದಳು. ಅಷ್ಟರಲ್ಲಿ ಮಷೀನುಗಳ ಜಾಗಕ್ಕೆ ಒಂದೊಂದಾಗಿ ಕಂಪ್ಯೂಟರುಗಳು ಬರುತ್ತಿದ್ದವು. ಪರದೆ ಅವಳಿಗೆ ಕಾಣದಿದ್ದರೂ ಕೀಗಳು ಅವೇ ಆಗಿದ್ದವು. ಪರದೆಯ ಮೇಲಿನದನ್ನು ಮನೀಷಾ ಓದಿ ಹೇಳುತ್ತಿದ್ದಳು. ಬೆರಳಿನ ಪಾಠ ಅಕ್ಕನದು, ಕೀಗಳ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ನಡೆದದ್ದು ಇದು. ನಾನು ಅಷ್ಟರಲ್ಲಿ ಹುಲಸೂರಿನಲ್ಲಿ ಶಾಲೆಯ ಟೀಚರಾಗಿದ್ದೆ, ರಜೆಗೆ ಬಂದವಳು ಅಕ್ಕನ ಜೊತೆ ಹೊರಟಿದ್ದೆ. ಕಾದಿಟ್ಟ ಸೀಟಿನಲ್ಲಿ ಒಬ್ಬ ಯುವಕ ಕೂತಿದ್ದ. ಅಗಲ ಎದೆ, ದಪ್ಪ ಮಣಿಕಟ್ಟು, ನೋಡಿದರೆ ಕುಸ್ತಿಯವನ ಹಾಗೆ. ಅಕ್ಕ ಕೋಲು ಹಿಡಿದು ಹತ್ತಿದಳೋ ಇಲ್ಲವೋ ಬಸ್ಸಿನವರೆಲ್ಲ ಅವನ ಮೇಲೆ ಬಿದ್ದರು. “ಏಳೋ, ಕಣ್ಣಿಲ್ಲದವರು ಬಂದಾರ, ಕಾಣಸಂಗಿಲ್ಲೇನು? ಎತ್ತಿನಂಥ ಮೈ ಇಟ್ಟುಕೊಂಡು ಕುಂತಾನ!” ಅವನು ಎದ್ದು ಸರಳು ಹಿಡಿದು ನಿಂತ. ಅಕ್ಕ ಕೂತಳು. ಬಂಗ್ಲಾ ಬರುವಷ್ಟರಲ್ಲಿ ಅವಳು ತಲೆ ಎತ್ತಿದಳು.

“ನಿಂತವರು ಯಾರ್ರಿ? ಉಸಿರು ಹಿಂಗ್ಯಾಕ ಬರಾಕತ್ತದ?”

“ಏನಿಲ್ರಿ ಬಾಯಿ, ಕುಂದರ್ರಿ.”

“ಹೇಳ್ರಿ.”

ಅವನು ಮೆಲ್ಲಗೆ ಹೇಳಿ ಮುಗಿಸುವಷ್ಟರಲ್ಲಿ ಹಣೆ ಬೆವರಿತ್ತು. ಹೆಸರು ನಾಗನಾಥ, ಊರು ದುಬಲಗುಂಡಿ. ಹೊಲದ ಕೂಲಿ ಮಾಡುತ್ತಿದ್ದವನು. ಹೃದಯದ ವಾಲ್ವ್ ಕೆಟ್ಟಿದೆ, ಹೈದರಾಬಾದಿನಲ್ಲಿ ಆಪರೇಶನ್ ಆಗಿದೆ, ಭಾರ ಎತ್ತಬಾರದು, ಬಹಳ ಹೊತ್ತು ನಿಂತರೆ ಕಣ್ಣು ಕತ್ತಲೆ ಬರುತ್ತದೆ. “ಪಾಸ್ ಇಲ್ರಿ. ಎದಿ ಬ್ಯಾನಿಗೆ ಪಾಸ್ ಕೊಡಂಗಿಲ್ಲಂತ. ಅದಕ್ಕೇ ಏಳು ಅಂದ್ರ ಏಳ್ತೀನಿ.”

ಅಕ್ಕ ಕಿಟಕಿಯ ಕಡೆ ಸರಿದು ಸೀಟಿನ ಮೇಲೆ ಕೈಯಿಂದ ತಟ್ಟಿದಳು. “ಕುಂದರ್ರಿ.” ಅವನು ಹಿಂಜರಿದ. ಅವಳು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು: “ಈ ಸೀಟಿನ್ಯಾಗ ಇಬ್ಬರು ಕುಂದರಬಹುದು. ಇವರು ನನ್ನ ಜೋಡಿ ಅದಾರ. ಇವರನ್ನ ಇನ್ನ ಯಾರೂ ಎಬ್ಬಸಬ್ಯಾಡ್ರಿ.”

ಅಂದು ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದರು. ಮನೆಯಲ್ಲಿ ಅಣ್ಣಂದಿರು ಅವನನ್ನು ಕೆಲಸಗಳ್ಳ ಅನ್ನುತ್ತಿದ್ದರು. ಗಾಯದ ಗುರುತು ಅಂಗಿಯ ಒಳಗಿತ್ತು, ಮೈ ನೋಡಿದವರು ಗಟ್ಟಿಮುಟ್ಟು ಅನ್ನುತ್ತಿದ್ದರು. ಎಷ್ಟನೆಯ ತನಕ ಓದಿದ್ದೀರಿ ಎಂದು ಅಕ್ಕ ಕೇಳಿದಳು. ಮೆಟ್ರಿಕ್ ಪಾಸು ಅಂದ. “ಬೆರಳಿಗೇನೂ ಆಗಿಲ್ಲಲ್ಲ? ಸೋಮವಾರ ಕ್ಲಾಸಿಗೆ ಬರ್ರಿ.”

ಅವನು ಬಂದ. ಮೊದಮೊದಲು ಹಾರೆ ಹಿಡಿದ ಬೆರಳುಗಳು ಎರಡೆರಡು ಕೀ ಒಟ್ಟಿಗೆ ಒತ್ತುತ್ತಿದ್ದವಂತೆ. ವರ್ಷ ತುಂಬುವುದರಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿತ. ಈಗ ಹುಮನಾಬಾದಿನ ಕೋರ್ಟಿನ ಎದುರು ಅವನದೇ ಟೈಪಿಂಗ್, ಝೆರಾಕ್ಸ್ ಅಂಗಡಿ ಇದೆ. ದುಬಲಗುಂಡಿಯ ಅಣ್ಣಂದಿರು ಕಾಗದಪತ್ರದ ಕೆಲಸಕ್ಕೆ ಅವನ ಹತ್ತಿರವೇ ಬರುತ್ತಾರೆ.

ಶಂಕರಲಿಂಗ ಮಾಸ್ತರರಿಗೆ ವಯಸ್ಸಾಗಿ ಕ್ಲಾಸು ಮುಚ್ಚುವ ಮಾತು ಬಂದಾಗ ಅವರು ಅಕ್ಕನನ್ನು ಕರೆದು, “ಇದನ್ನ ನಿಮ್ಮೂರಿಗೆ ತೊಗೊಂಡು ಹೋಗವ್ವ,” ಅಂದರು. ಎರಡು ಸಾವಿರದ ಏಳರಲ್ಲಿ ಬಸವಕಲ್ಯಾಣದಲ್ಲಿ ಅಕ್ಕನ ಸ್ವಂತ ಕ್ಲಾಸು ಶುರುವಾಯಿತು. ಖೋಲಿಯ ಗೋಡೆ ಕಟ್ಟಿದವನು ಅಪ್ಪ. ಅಷ್ಟು ವಯಸ್ಸಿನಲ್ಲೂ ಕೂಲಿಯವರನ್ನು ಹಚ್ಚದೆ ತಾನೇ ಕರಣೆ ಹಿಡಿದ. ಬಾಗಿಲಿಗೆ ಹೊಸ್ತಿಲು ಬೇಡ, ನೆಲ ಎಲ್ಲೂ ಏರಿಳಿತ ಇರಬಾರದು ಎಂದು ಅಕ್ಕ ಹೇಳಿದ್ದಳು, ಹಾಗೇ ಮಾಡಿದ. ಪೂಜೆಯ ದಿನ ಮಾಸ್ತರರು ರಿಬ್ಬನ್ ಕತ್ತರಿಸಿದರು. ಓಂಪ್ರಕಾಶ ಸಾವ್ಕಾರರು ಪರದೆಗಳ ಬಟ್ಟೆ ಕಳಿಸಿದ್ದರು. ನಾಗನಾಥ ಹೆಂಡತಿಯ ಜೊತೆ ಬಂದಿದ್ದ. ಅಜೀಮುದ್ದೀನ್ ಡ್ಯೂಟಿಯ ನಡುವೆಯೇ ಖಾಕಿಯಲ್ಲಿ ಬಂದು ಪೇಢೆ ತಿಂದು ಓಡಿದ.

ಆ ಮಧ್ಯಾಹ್ನ ಗದ್ದಲ ಇಳಿದ ಮೇಲೆ ಹೊಸದಾಗಿ ಸೇರಿದ ಒಬ್ಬ ಹುಡುಗಿ ಅಕ್ಕನನ್ನು ದಿಟ್ಟಿಸಿ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, “ಮೇಡಂ, ನಿಮಗ ಕಾಣಸ್ತದೋ ಇಲ್ಲೋ?” ಎಂದು ಕೇಳೇಬಿಟ್ಟಳು. ಅವಳ ಅವ್ವ ಗಾಬರಿಯಾಗಿ ಮಗಳ ತೋಳು ಚಿವುಟಿದಳು. ಅಕ್ಕ ನಕ್ಕಳು, ಕುರ್ಚಿ ಎಳೆದುಕೊಂಡು ಹುಡುಗಿಯ ಪಕ್ಕ ಕೂತಳು.

“ನೀ ಹೊಡಿಯವ್ವ,” ಅಂದಳು. “ನಾ ಕೇಳ್ತೀನಿ.”